ಓದುಕೂಟಕ್ಕೆ ಟೇಪು ಬೇಕೋ ಬೇಡವೋ

ಶಹಾಪುರದ ಪಾವರ್‌ಲೂಮ್ ಶೆಡ್ಡಿನಲ್ಲಿ ನಿಂಗವ್ವನಿಗೆ ಕಿವಿ ಕೇಳುವುದಿಲ್ಲವೆಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮಗ್ಗಗಳ ಖಟಖಟದಲ್ಲಿ ಅಲ್ಲಿ ಎಲ್ಲರೂ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುತ್ತಿದ್ದರು. ಅದರಲ್ಲಿ ನಿಂಗವ್ವನನ್ನು ಮೀರಿಸುವವರಿರಲಿಲ್ಲ. ಮಾಲಕ ದೂರ ನಿಂತು ಗೊಣಗಿದ ಬೈಗುಳವನ್ನೂ ಓದಿ ಬಾಜೂಕಿನವರಿಗೆ ದಾಟಿಸಿ ನಗಿಸುತ್ತಿದ್ದಳು.

ಅವಳು ಸೋಲುತ್ತಿದ್ದುದು ರವಿವಾರ, ಗದ್ದಲವೇ ಇಲ್ಲದ ಜಾಗದಲ್ಲಿ. ನೇಕಾರರ ಓದುಕೂಟದಲ್ಲಿ ಅದೇ ಶೆಡ್ಡಿನ ಬಸಲಿಂಗಪ್ಪ ಪೇಪರು ಓದಿ ಹೇಳುವಾಗ ಅವನ ಮುಖ ಹಾಳೆಯ ಹಿಂದೆ ಮರೆಯಾಗುತ್ತಿತ್ತು. ಉಳಿದವರು ನಕ್ಕಾಗ ನಗುವುದು, ತಲೆಯಾಡಿಸಿದಾಗ ಆಡಿಸುವುದು, ಇಷ್ಟೇ ಅವಳ ಪಾಲಿನ ಓದು. ಬಾಯಿಬಿಟ್ಟರೆ ಸುದ್ದಿ ಮಾಲಕನ ತನಕ ಹೋಗಿ ಮಗ್ಗದಿಂದ ಎಬ್ಬಿಸಿಯಾನೆಂಬ ದಿಗಿಲು. ಇವತ್ತಿಗೆ ಸಾಕು, ಇನ್ನು ಕೂಟಕ್ಕೆ ಬರುವುದಿಲ್ಲವೆಂದು ಎಂಬತ್ತೆಂಟನೇ ಇಸವಿಯ ಆ ರವಿವಾರ ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಅವತ್ತು ಓದಿಗಿಂತ ಮೊದಲು ಜಗಳ ಶುರುವಾಯಿತು. ಖಾನಾಪುರದ ಹಂಚಿನ ಕಾರ್ಖಾನೆಯ ಕಲಂದರ, ತನ್ನ ಮಾಮಾ ದುಬೈಯಿಂದ ತಂದುಕೊಟ್ಟ ಅಂಗೈಯಗಲದ ಟೇಪನ್ನು, ಕಿವಿಗೆ ಹಾಕಿಕೊಂಡು ಕೇಳುವ ಸ್ಪಂಜಿನ ಬಿಲ್ಲೆಗಳ ಸಮೇತ, ನಡುವೆ ಇಟ್ಟಿದ್ದ. ಇಲ್ಲಿಯ ಓದನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಹಂಚಿನವರಿಗೆ ಕೇಳಿಸಬೇಕೆಂಬುದು ಅವನ ಹಟ. ಹೋದ ವಾರದ ಓದನ್ನು ತುಂಬಿಯೂ ಇದ್ದ.

“ಬ್ಯಾಡೋ,” ಬಸಲಿಂಗಪ್ಪ ಅಂದ. “ನಾ ಓದೂವಾಗ ನಡುವ ನಿಲ್ಸಿ ಪ್ರಶ್ನೆ ಕೇಳ್ತೀರಿ. ಆ ಡಬ್ಬಿನ ಏನ್ ಕೇಳ್ತೀರಿ? ನಾಳೆ ಒಬ್ಬೊಬ್ಬರು ಕಿವಿಗೆ ಸ್ಪಂಜು ಇಟ್ಕೊಂಡು ಮೂಲ್ಯಾಗ ಕುಂತ್ರ ಕೂಟ ಎಲ್ಲೈತಿ? ಮಾಲಕಗ ಅದೇ ಬೇಕು!”

“ಅದು ಖರೇ ಐತ್ರೀ. ಸೆಲ್ಲೂ ಭಾಳ ತಿಂತೈತಿ ಹಾಳಾದ್ದು,” ಕಲಂದರ ಒಪ್ಪಿದ. “ಆದ್ರ ನಮ್ಮಲ್ಲಿ ಓದಿ ಹೇಳಾಂವ ಒಬ್ಬಾಂವೂ ಇಲ್ಲ. ನಿಮ್ಮನ್ನ ರೈಲಿನ್ಯಾಗ ಹೊತ್ಕೊಂಡು ಹೋಗ್ಲೇನು? ಎಷ್ಟು ಸಲ ತಿರುಗಿ ಹೇಳಂದ್ರೂ ಇದು ಸಿಟ್ಟಿಗೇಳೂದಿಲ್ಲ. ನೀವು ಏಳ್ತೀರಿ.”

ಎಲ್ಲರೂ ನಕ್ಕರು. ಜಗಳದಲ್ಲಿ ಮುಖಗಳು ಎದುರಿಗೇ ಇದ್ದುದರಿಂದ ನಿಂಗವ್ವನೂ ಅವರ ಜೊತೆಗೇ ನಕ್ಕಳು.

“ಬ್ಯಾಡನ್ನವರು ಕೈ ಎತ್ರಿ,” ಬಸಲಿಂಗಪ್ಪ ಅಂದ.

ಮೊದಲು ಎದ್ದದ್ದು ನಿಂಗವ್ವನ ಕೈ. ಬಸಲಿಂಗಪ್ಪನ ತುಟಿ ಇವತ್ತಲ್ಲ ನಾಳೆ ಕಂಡೀತು. ಈ ಡಬ್ಬಿಗೆ ತುಟಿಯೇ ಇಲ್ಲವಲ್ಲ!

“ಮೊದಲ ಕೇಳಿ ನೋಡು, ಆಮ್ಯಾಲ ಬ್ಯಾಡನ್ನು ಅಕ್ಕಾ,” ಎಂದು ಕಲಂದರ ಸ್ಪಂಜಿನ ಬಿಲ್ಲೆಗಳನ್ನು ಅವಳ ಕಿವಿಗೇರಿಸಿದ. ಅವಳು ರೂಢಿಯಂತೆ ತಲೆಯಾಡಿಸತೊಡಗಿದಳು.

“ಟೇಪು ಇನ್ನೂ ಹಚ್ಚೇ ಇಲ್ಲಲ್ಲಕ್ಕಾ!”

ಅವಳ ಮುಖ ಬಿಳಿಚಿಕೊಂಡಿತು. ಕಲಂದರ ಅದನ್ನು ನೋಡಿದ. ಗುಂಡಿ ಒತ್ತಿ, ದನಿಯನ್ನು ಕೊನೆಯ ತನಕ ತಿರುವಿದ. ಕಿವಿಗೇ ಅಂಟಿಕೊಂಡ ಅಷ್ಟು ದೊಡ್ಡ ದನಿ ಅವಳಿಗೂ ಕೇಳಿಸಿತು.

ಬಸಲಿಂಗಪ್ಪ ಅವಳ ತಲೆಯೊಳಗೇ ನಿಂತು ಓದಿದ: ಗದ್ದಲದಲ್ಲಿ ದುಡಿದು ಕಿವಿ ಹೋದರೆ ಅದು ಕೆಲಸದಿಂದ ಬಂದ ರೋಗ, ಕಾಯ್ದೆಯೇ ಹಾಗೆ ಹೇಳುತ್ತದೆ. ಹೋದ ವಾರ ಇದೇ ಮಾತಿಗೆ ತಲೆಯಾಡಿಸಿ ಮನೆಗೆ ಹೋಗಿದ್ದಳು!

“ನಿಲ್ಲಸು! ಹಿಂದ ಹೋಗು! ಇನ್ನೊಮ್ಮೆ ಹಚ್ಚು!” ಮಗ್ಗದ ಮುಂದೆ ಒದರುವಂತೆ ಒದರಿದಳು. ಮತ್ತೆ ಕೇಳಿದಳು. ಬಿಲ್ಲೆ ತೆಗೆದು ಎದ್ದು ನಿಂತಳು.

“ಬಸಣ್ಣಾ, ನನಗ ಕಿವಿ ಕೇಳೂದಿಲ್ಲ. ಕಿವಿ ತಿಂದದ್ದು ಅವನ ಶೆಡ್ಡು. ಮತ್ತ ನಾ ಯಾಕ ಕಳ್ಳರಗತೆ ಮುಚ್ಚಿಟ್ಕೊಂಡು ಕುಂತೀನಿ?”

ಬಸಲಿಂಗಪ್ಪ ತನ್ನ ಬಲಗಿವಿ ಮುಟ್ಟಿಕೊಂಡ. “ನಂದೂ ಇದು ಮಂದ ಆಗೇತಿ, ತಂಗೀ. ಹೇಳಿಲ್ಲ ಅಷ್ಟೇ.” ಹಿಂದಿನಿಂದ ಒಬ್ಬರು “ನಂದೂ” ಅಂದರು. ಆಮೇಲೆ ಇನ್ನೊಬ್ಬರು.

ಟೇಪು ಉಳಿಯಿತು. ಶೆಡ್ಡಿನ ಎಲ್ಲರ ಕಿವಿಯ ತಪಾಸಣೆ ಡಾಕ್ಟರರಿಂದ ಆಗಬೇಕು, ನಾಳೆಯೇ ಎಲ್ಲರೂ ಒಟ್ಟಿಗೆ ಹೋಗಿ ಮಾಲಕನನ್ನು ಕೇಳಬೇಕು ಎಂದೂ ತೀರ್ಮಾನವಾಯಿತು. ಕಲಂದರ ಕೆಂಪು ಗುಂಡಿ ಒತ್ತಿ ಟೇಪನ್ನು ನಿಂಗವ್ವನ ಮುಂದೆ ಹಿಡಿದ.

“ಖಾನಾಪುರದವರೇ,” ಅವಳು ಅಂದಳು, “ನಿಮ್ಮ ಭಟ್ಟಿ ಹೊಗಿ ನಿಮ್ಮ ಎದಿ ಎಷ್ಟು ತಿಂದೈತಿ? ಜವಾಬು ತುಂಬಿ ಕಳಸ್ರಿ. ದೊಡ್ಡ ದನೀಲೆ!”

ಬಸಲಿಂಗಪ್ಪ ಓದಲು ಪೇಪರು ಎತ್ತಿದ. ಅವಳತ್ತ ನೋಡಿ, ಅದನ್ನು ಗದ್ದದ ಕೆಳಗೆ ಇಳಿಸಿದ. ನಿಂಗವ್ವ ಮುಂದೆ ಸರಿದು ಕೂತಳು.