ಮಂಗಟ್ಟೆಯ ಕೊಕ್ಕು

ಉಲಹನ್ನಾನ್ ನಗುತ್ತಾ ಬೆನ್ನ ಹಿಂದಿದ್ದ ಕೈಯನ್ನು ಎದುರಿಗೆ ತಂದ. ಕೈಯಲ್ಲಿ ಗಂಡು ಮಂಗಟ್ಟೆ ಹಕ್ಕಿ, ಕಾಲು ಮೇಲೆ, ತಲೆ ಕೆಳಗೆ. ಅದರ ದೊಡ್ಡ ಹಳದಿ ಕೊಕ್ಕಿನ ತುದಿಯಿಂದ ರಕ್ತ ತೊಟ್ಟಿಕ್ಕಿ ಅವನ ಪಾದದ ಮೇಲೆ ಬೀಳುತ್ತಿತ್ತು.

"ಸಾರ್ ಹೇಳಿದ್ದಲ್ಲಾ, ಗಂಡನ್ನು ಹೊಡೀಬೇಕು ಅಂತ. ನೀವು ಅಷ್ಟು ದೂರದಿಂದ ಬಂದು ಪುನಃ ಕಾಯುದು ಯಾಕೆ? ಬೆಳಿಗ್ಗೆ ನಾನೇ ಹೊಡೆದಿಟ್ಟೆ."

ಕೃಷ್ಣಮೋಹನ ಹಾಗೆ ಹೇಳಿದ್ದು ಹೌದು. ಅವನಿಗೆ ಪುತ್ತೂರಿನಲ್ಲಿ ಜವಳಿ ಅಂಗಡಿ. ಪೇಟೆಯಲ್ಲಿ ಫೋಟೋದ ಹುಚ್ಚು ಹತ್ತಿಸಿಕೊಂಡವರ ಬಾಯಲ್ಲಿ ಪಟ 'ತೆಗೆಯುದು' ಹೋಗಿ 'ಹೊಡೆಯುದು' ಆಗಿ ಸುಮಾರು ಸಮಯವಾಗಿತ್ತು. ಎರಡು ಹೊಡೆದೆ, ಒಂದು ಕೆಟ್ಟಿತು, ಹೀಗೆ ಅವರ ಮಾತು. ಆದರೆ ತಿರುವಾಂಕೂರಿನಿಂದ ಬಂದು ಕಡಬದ ಆಚೆ ಕಾಡು ಕಡಿದು ರಬ್ಬರ್ ಇಟ್ಟು, ಕೋವಿಯನ್ನು ತಲೆಯ ಬುಡದಲ್ಲಿಟ್ಟುಕೊಂಡು ಮಲಗುವ ಉಲಹನ್ನಾನನಿಗೆ ಹೊಡೆಯುದು ಅಂದರೆ ಒಂದೇ ಅರ್ಥ. ಹಿಂದಿನ ಸಲ ಬಂದಾಗ ಬೆಳಕು ಹೋಗಿತ್ತು, ಕ್ಯಾಮೆರಾ ಹೊರಗೇ ಬಂದಿರಲಿಲ್ಲ. ಚರ್ಮದ ಚೀಲವನ್ನು ತಟ್ಟಿ ಕೃಷ್ಣಮೋಹನ, ಮುಂದಿನ ಸಲ ಗಂಡನ್ನು ಹತ್ತಿರದಿಂದ ಹೊಡೀಬೇಕು ಎಂದಿದ್ದ. ಚೀಲದಲ್ಲಿರುವುದು ಪೇಟೆಯವರ ಗಿಡ್ಡ ಕೋವಿ ಎಂದೇ ಉಲಹನ್ನಾನ್ ತಿಳಿದದ್ದು.

ಕೃಷ್ಣಮೋಹನನ ಹೆಂಡತಿ ವಸುಮತಿ ಹೆಗಲ ಮೇಲಿದ್ದ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಕೆಳಗಿಟ್ಟಳು. ಎದುರಿನ ದೂಪದ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಇತ್ತು. ಮೊಟ್ಟೆ ಇಡುವ ಕಾಲಕ್ಕೆ ಅದು ಒಳಗೆ ಕೂತು ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಆ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಟ್ಟರೆ ತಾಯಿಗೂ ಮರಿಗಳಿಗೂ ಉಂಟು, ಇಲ್ಲದಿದ್ದರೆ ಇಲ್ಲ. ಒಳಗಿನಿಂದ ಹಸಿದ ಮರಿಗಳ ಕಿಚಿಪಿಚಿ ಸದ್ದು ಕೇಳುತ್ತಿತ್ತು.

ಕೃಷ್ಣಮೋಹನ ಹಣೆ ಚಚ್ಚಿಕೊಂಡ. ಹಕ್ಕಿ ಸತ್ತಿತಲ್ಲ ಎಂದು ಅಂದುಕೊಂಡಿರೋ? ಅಲ್ಲ. ಮಂಗಳೂರಿನ ಪ್ರದರ್ಶನಕ್ಕೆ ಗಂಡು ಹೆಣ್ಣಿಗೆ ಉಣಿಸುವ ಪಟ ಕಳಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ, ಅದು ಹಾಳಾಯಿತಲ್ಲ ಎಂದು. ವಸುಮತಿಗೆ ಇದು ಹೊಸತಲ್ಲ. ಬೆಳಕು ಬೀಳಲಿ ಎಂದು ಸೂರಕ್ಕಿಯ ಗೂಡಿನ ಸುತ್ತಲ ಗೆಲ್ಲು ಸವರಿಸಿ, ಮರಿಗಳನ್ನು ಕಾಗೆಗೆ ತೋರಿಸಿಕೊಟ್ಟವನು ಇವನೇ. ಮರ್ಕಂಜದಲ್ಲಿ ಚಿಟ್ಟೆ ಹಾರದಿರಲೆಂದು ಹಲಸಿನ ಮೇಣದಲ್ಲಿ ಅದರ ಕಾಲು ಅಂಟಿಸಿದವನೂ ಇವನೇ. ಊರವರ ಬಾಯಲ್ಲಿ ಪ್ರಕೃತಿಪ್ರೇಮಿ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪ್ರತಿ ಸಲವೂ ಬುತ್ತಿ ಕಟ್ಟಿ, ಸ್ಟ್ಯಾಂಡು ಹೊತ್ತು, ಹಿಡಿ ಎಂದ ಗೆಲ್ಲನ್ನು ಹಿಡಿದು ನಿಂತದ್ದು ಅವಳು. ಒಳಗೊಳಗೆ ಅಸಹ್ಯ ಪಟ್ಟುಕೊಳ್ಳುತ್ತಲೇ ನಿಂತದ್ದು.

ಒಮ್ಮೆಲೇ ಕೃಷ್ಣಮೋಹನನ ಮುಖ ಅರಳಿತು. ಹಕ್ಕಿಯ ಮೈ ಇನ್ನೂ ಸೆಟೆದಿಲ್ಲವಲ್ಲ ಎಂದು ಕೇಳಿದ. ಅಷ್ಟರಲ್ಲೇ ವಸುಮತಿಗೆ ತಿಳಿದುಹೋಯಿತು.

"ಅದೊಂದು ಬೇಡ ಮಾರಾಯ್ರೆ," ಎಂದಳು. "ಮೊದಲು ಆ ತಾಯಿಗೆ ಎಂತಾದರೂ ದಾರಿ ಮಾಡಿ."

ಮೊದಲು ಪಟ, ಮತ್ತೆ ದಾರಿ ಎಂದ ಅವನು. ಕೋಳಿಪುಕ್ಕ ತಾಗಿದರೆ ಸ್ನಾನ ಮಾಡುವ ಜನ, ಹಕ್ಕಿಯನ್ನು ತಾನು ಮುಟ್ಟಲಿಲ್ಲ. ಎಲ್ಲ ಉಲಹನ್ನಾನನ ಕೈಯಲ್ಲಿ ಮಾಡಿಸಿದ. ಕುತ್ತಿಗೆಗೆ ತಂತಿ ಸುತ್ತಿ ನೆಟ್ಟಗೆ ನಿಲ್ಲಿಸಿ, ರಕ್ತ ಒರೆಸಿ, ಕೊಕ್ಕಿನಲ್ಲಿ ಗೋಳಿಹಣ್ಣು ಸಿಕ್ಕಿಸಿ, ಕವೆಕೋಲಿಗೆ ಕಟ್ಟಿಸಿದ. ಉಲಹನ್ನಾನ್ ಏಣಿ ಹತ್ತಿ ಕಾಂಡದ ಮರೆಯಲ್ಲಿ ನಿಂತು ಸತ್ತ ಹಕ್ಕಿಯನ್ನು ಸೀಳಿನ ಹತ್ತಿರಕ್ಕೆ ಚಾಚಿದ. ಒಳಗಿನಿಂದ ಹೆಣ್ಣಿನ ಕೊಕ್ಕು ಹೊರಗೆ ಬಂತು. ಗಂಡನ ಕೊಕ್ಕನ್ನು ಒಮ್ಮೆ ಮೆಲ್ಲ ಸವರಿ, ಹಣ್ಣನ್ನು ತೆಗೆದುಕೊಂಡು ಒಳಗೆ ಹೋಯಿತು. ಇನ್ನೊಂದು ಹಣ್ಣು. ಅದನ್ನೂ ತೆಗೆದುಕೊಂಡಿತು. ಪಟ ಆದ ಮೇಲೆ, ಕೃಷ್ಣಮೋಹನ ಜೊತೆಗೆ ತಂದಿದ್ದ, ಕೀಲಿ ಕೊಟ್ಟು ಓಡಿಸುವ ಸಿನಿಮಾ ಕ್ಯಾಮೆರಾ ಗರ್ರೆಂದು ತಿರುಗಿತು.

"ನೋಡು ವಸು, ಎಷ್ಟು ನಾಜೂಕಲ್ಲಿ ತೆಕ್ಕೊಳ್ತದೆ," ಎಂದು ಕೃಷ್ಣಮೋಹನ ಪಿಸುಗುಟ್ಟಿದ.

ವಸುಮತಿ ಮರದ ಆಚೆ ಹೋಗಿ ಕಾರಿಕೊಂಡಳು. ಉಲಹನ್ನಾನನ ಹೆಂಡತಿ ಲೀಲಾಮ್ಮ ನೀರು ತಂದುಕೊಟ್ಟಳು. ಪೊಟರೆ ಒಡೆದರೂ ಪ್ರಯೋಜನವಿಲ್ಲ, ಒಳಗೆ ಕೂತ ಹೆಣ್ಣಿನ ರೆಕ್ಕೆಯ ಗರಿಯೆಲ್ಲ ಉದುರಿರುತ್ತದೆ, ಹಾರಲಾರದು, ನಾವೇ ಏಣಿ ಇಟ್ಟು ಹಣ್ಣು ಕೊಡ್ತೇವೆ ಎಂದು ಅರ್ಧ ಮಲಯಾಳದಲ್ಲಿ ಸಮಾಧಾನ ಹೇಳಿದಳು. ವಸುಮತಿ ಅವಳ ಎರಡೂ ಕೈ ಹಿಡಿದುಕೊಂಡು, ಖಂಡಿತ ಕೊಡಬೇಕು, ಮರೆಯಬಾರದು ಎಂದಳು. ಹೊರಡುವಾಗ ಕೃಷ್ಣಮೋಹನ ನೆನಪಿಗೆ ಕೊಕ್ಕು ಬೇಕೆಂದ. ಉಲಹನ್ನಾನ್ ಕತ್ತಿಯಿಂದ ಕಡಿದು ಬಾಳೆಲೆಯಲ್ಲಿ ಕಟ್ಟಿಕೊಟ್ಟ. ಉಳಿದದ್ದು ಅವರ ಒಲೆಗೆ ಹೋಯಿತು. ಬಸ್ಸಿನಲ್ಲಿ ಆ ಪೊಟ್ಟಣ ಬುತ್ತಿಚೀಲದೊಳಗೇ ಇತ್ತು.

ಮುಂದೊಂದು ಸೋಮವಾರ ಉಲಹನ್ನಾನ್ ಪುತ್ತೂರಿನ ಸಂತೆಗೆ ಬಂದವನು ಮನೆಯ ಮೆಟ್ಟಿಲಿನ ತನಕ ಬಂದ. ಕೃಷ್ಣಮೋಹನ ಅಂಗಡಿಯಲ್ಲಿದ್ದ. ವಸುಮತಿ ಮೊದಲು ಕೇಳಿದ್ದೇ ಆ ತಾಯಿಯ ಸುದ್ದಿ. ಅವನು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಲೀಲಾಮ್ಮ ದಿನಾ ಏಣಿ ಹತ್ತಿದಳು. ಕೈಯಲ್ಲಿ ಕೊಟ್ಟರೆ ಅದು ತೆಗೆದುಕೊಳ್ಳಲಿಲ್ಲ, ಕೋಲಿನಲ್ಲಿ ಚುಚ್ಚಿ ಕೊಟ್ಟರೂ ಇಲ್ಲ, ಒಳಗೆ ಹಾಕಿದ ಹಣ್ಣನ್ನೂ ಹೊರಗೆ ದೂಡಿತು. ಮರಿಗಳ ಸದ್ದು ಮೊದಲು ನಿಂತಿತು, ಮತ್ತೆ ತಾಯಿಯದ್ದು. ಈಗ ಆ ಮರದ ಹತ್ತಿರ ಹೋಗಲಿಕ್ಕಾಗುದಿಲ್ಲ, ಅಷ್ಟು ನಾತ.

"ಆ ಕೊಕ್ಕು ನಮ್ಮತ್ರ ಇದ್ದಿದ್ರೆ ಅಮ್ಮ," ಎಂದ ಉಲಹನ್ನಾನ್, "ಅದರಲ್ಲಿ ಕೊಟ್ಟಿದ್ರೆ ತಿಂತಿತ್ತು. ಲೀಲಾಮ್ಮ ದಿನಾ ಹೇಳಿ ಅಳ್ತಾಳೆ."

ಕೊಕ್ಕು ಚಾವಡಿಯ ಗಾಜಿನ ಕಪಾಟಿನಲ್ಲಿತ್ತು. ಕೃಷ್ಣಮೋಹನ ಅದನ್ನು ಬಿಸಿನೀರಿನಲ್ಲಿ ತೊಳೆಸಿ, ವಾರ್ನಿಶ್ ಬಳಿಸಿ, ಪಿಂಗಾಣಿ ಗೊಂಬೆಗಳ ನಡುವೆ ಇಡಿಸಿದ್ದ. ರಾತ್ರಿ ಊಟಕ್ಕೆ ಬಡಿಸುವಾಗ ವಸುಮತಿ ಎಲ್ಲವನ್ನೂ ಹೇಳಿದಳು. ಅವನು ಮಜ್ಜಿಗೆ ಸುರಿದುಕೊಂಡು, ಕಾಡಿನಲ್ಲಿ ಸಾಯುವ ಹಕ್ಕಿಗೆಲ್ಲ ನಾವು ಸೂತಕ ಹಿಡಿಯಲಿಕ್ಕಾಗ್ತದಾ ಎಂದ. ಥೂ, ಇಂಥವನ ಎಲೆಗೆ ಬಡಿಸುವ ಗತಿ ಬಂತಲ್ಲ ಎಂದು ಅವಳ ಜೀವ ಹೇಸಿತು.

ಪಟಕ್ಕೆ ಮೊದಲ ಬಹುಮಾನ ಬಂತು. ಕೃಷ್ಣಮೋಹನ ಅದಕ್ಕೆ 'ದಾಂಪತ್ಯ' ಎಂದು ಹೆಸರಿಟ್ಟಿದ್ದ. ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಿಸಿದ ದಿನ ನೆಂಟರಿಷ್ಟರನ್ನು ಕರೆದ. ಬಂದವರೆಲ್ಲ ಪಟದ ಎದುರು ನಿಂತು, ಹಕ್ಕಿಗಳಿಗಿರುವ ಪ್ರೀತಿ ಈಗಿನ ಮನುಷ್ಯರಿಗಿಲ್ಲ ಎಂದರು. ಗಂಡು ಎಷ್ಟು ತಾಳ್ಮೆಯಿಂದ ನಿಂತಿದೆ ನೋಡಿ ಎಂದರು. ವಸುಮತಿ ತಟ್ಟೆಯಲ್ಲಿ ಕಾಶಿಹಲ್ವ ಹಿಡಿದು ಅವರ ನಡುವೆ ಓಡಾಡಿದಳು.

ಸ್ಟುಡಿಯೋದ ಮಹೇಶ್ವರ ಕ್ಯಾಮೆರಾ ತಂದಿದ್ದ. ಗಂಡ ಹೆಂಡತಿಯನ್ನು ಪಟದ ಕೆಳಗೆ ನಿಲ್ಲಿಸಿದ. ಯಾರೋ, ಮಂಗಟ್ಟೆಯ ಹಾಗೆ ಉಣಿಸಿದರೆ ಚಂದ ಎಂದರು. ಎಲ್ಲರೂ ನಕ್ಕರು. ಕೃಷ್ಣಮೋಹನ ತಟ್ಟೆಯಿಂದ ಒಂದು ತುಂಡು ಹಲ್ವ ತೆಗೆದು, ತಲೆಯನ್ನು ಹಕ್ಕಿಯ ಹಾಗೆ ಓರೆ ಮಾಡಿ ಅವಳ ಬಾಯಿಯ ಹತ್ತಿರ ಹಿಡಿದ.

"ಬಾಯಿ ತೆರೀರಿ ಅಕ್ಕ," ಎಂದ ಮಹೇಶ್ವರ. "ಒಂದು ಹೊಡೆಯುವ."

ಹಲ್ವದ ತುಪ್ಪ ಕೃಷ್ಣಮೋಹನನ ಬೆರಳಿನಿಂದ ಇಳಿದು ಅವಳ ಸೀರೆಯ ಮೇಲೆ ತೊಟ್ಟಿಕ್ಕಿತು. ಫ್ಲ್ಯಾಶ್ ಬೆಳಗಿತು. ಸರಿಯಾಗಲಿಲ್ಲ ಎಂದು ಮಹೇಶ್ವರ ಸುಟ್ಟ ಬಲ್ಬು ತೆಗೆದು ಬೇರೆ ಹಾಕಿದ, ಕೃಷ್ಣಮೋಹನ ಕೈಯನ್ನು ಇನ್ನಷ್ಟು ಮುಂದೆ ತಂದ. ಹಲ್ವ ತುಟಿಗೆ ತಾಗಿ ನಿಂತಿತು. ವಸುಮತಿ ಬಾಯಿ ತೆರೆಯಲಿಲ್ಲ.