ಸಬ್ಬತ್ ದಿನದ ಹಿಮ

ನಾಳಿನ ಆಲೂಗಡ್ಡೆಗಳಲ್ಲಿ ಅರ್ಧ ಸುಲಿದಾಗಿತ್ತು. ಭಾನುವಾರ ಸಬ್ಬತ್ತು, ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ; ಚಾಕು ಮುಟ್ಟುವಂತಿಲ್ಲ. ಎಲ್ಲವನ್ನೂ ಶನಿವಾರವೇ ಸುಲಿದು ನೀರಿನಲ್ಲಿ ಮುಳುಗಿಸಿಡಬೇಕು, ಕುರಿಮಾಂಸದ ಸಾರು ಕುದಿಸಿಡಬೇಕು, ಉರುವಲಿಗೆಂದು ಬಯಲಿನಿಂದ ಕಡಿದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳನ್ನು ಒಳತಂದು ಒಲೆಯ ಪಕ್ಕ ಪೇರಿಸಬೇಕು, ಹಗ್ಗದ ಮೇಲೆ ಒಂದು ಕಾಲುಚೀಲವೂ ಉಳಿಯದಂತೆ ಬಟ್ಟೆ ಎತ್ತಿಕೊಳ್ಳಬೇಕು. ಡೋಲೀನಾಳ ಕೈಗಳಿಗೆ ಈ ಕೆಲಸ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣಿನ ಅಗತ್ಯವೇ ಇರಲಿಲ್ಲ. ಕಣ್ಣು ಕಿಟಕಿಯಾಚೆ ಬಯಲಿನ ಮೇಲಿತ್ತು. ಉತ್ತರದ ಆಕಾಶ ಬೆಳಗಿನಿಂದ ಹಳದಿಗಟ್ಟಿ, ಹಳೆಯ ಗಾಯದ ಬಣ್ಣಕ್ಕೆ ತಿರುಗಿತ್ತು.

ಮೊದಲ ಹಿಮದ ಚೂರು ಗಾಜಿಗೆ ಬಂದು ಅಂಟಿಕೊಂಡಿತು. ಕರಗಲಿಲ್ಲ.

ಅವಳು ಚಾಕು ಕೆಳಗಿಟ್ಟಳು.

ಮಗ್ಗದ ಕೊಟ್ಟಿಗೆಯಿಂದ ಗಂಡ ಟಾರ್ಕ್ವಿಲ್ ಒಳಬಂದಾಗ ಅವಳಾಗಲೇ ಬೂಟು ತೊಟ್ಟು ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸುತ್ತಿದ್ದಳು. ಅವನ ಮೀಸೆಯ ಮೇಲೆ ಉಣ್ಣೆಯ ನವಿರು ಕೂತಿತ್ತು.

"ಇದೇನು, ಆಲೂಗಡ್ಡೆಗಳ ಅಂಗಿ ಅರ್ಧ ಬಿಚ್ಚಿ ಎಲ್ಲಿಗೆ ಹೊರಟೆ?"

"ಹಿಮ ಬೀಳ್ತಿದೆ."

"ಕಾಣುತ್ತೆ. ನಾನೇನು ಕುರುಡನಾ?" ಅವನು ಬೋಗುಣಿಯೊಳಗೆ ಇಣುಕಿದ. "ಅಲ್ಲ ಮಾರಾಯ್ತಿ, ಈ ಗಾಳೀಲಿ ನಿನ್ನ ಕ್ಯಾಮೆರಾ ಮುಕ್ಕಾಲಿ ಹಾರ್ಕೊಂಡು ಹೋಗಿ ನಾರ್ವೇಲಿ ಬೀಳುತ್ತೆ."

"ಬಿದ್ರೆ ಅಲ್ಲಿಗೇ ಹೋಗಿ ತರ್ತೀನಿ."

"ತರ್ತೀಯ, ತರ್ತೀಯ. ಅದರಲ್ಲಿ ನಂಗೇನೂ ಅನುಮಾನ ಇಲ್ಲ," ಎಂದು ಟಾರ್ಕ್ವಿಲ್ ನಕ್ಕು, ತಾನೇ ಚಾಕು ಎತ್ತಿಕೊಂಡು ಕೂತ.

ಅವಳಿಗೆ ಬೇಕಿದ್ದದ್ದು ಒಂದೇ ಒಂದು ಚಿತ್ರ. ಊರಿನಿಂದಾಚೆ, ಬಯಲಿನ ನಡುವೆ, ಹಳ್ಳದ ದಂಡೆಯ ಮೇಲೆ ಒಂದು ಮುರುಕು ಗುಡಿಸಲಿದೆ; ಮಾಡು ಎಂದೋ ಕುಸಿದುಹೋಗಿ ದುಂಡನೆಯ ಕಲ್ಲುಗೋಡೆ ಮಾತ್ರ ಉಳಿದಿದೆ. ಹಿಂದೆ ಹೆಂಗಸರು, ಹುಡುಗಿಯರು ಬೇಸಿಗೆಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗಿ ಅಲ್ಲೇ ಇದ್ದು, ಹಾಲು ಕರೆದು ಬೆಣ್ಣೆ ಕಡೆದು, ಸೆಕೆ ಇಳಿಯುವ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಡೋಲೀನಾಳ ತಾಯಿ ಹಾಗೆ ಹೋದ ಕೊನೆಯ ಹುಡುಗಿಯರಲ್ಲಿ ಒಬ್ಬಳು. ಸಾಯುವವರೆಗೂ ಅಲ್ಲಿನ ಬೇಸಿಗೆಯ ಮಾತನ್ನೇ ಆಡುತ್ತಿದ್ದಳು. ಒಮ್ಮೆ ಮಾತ್ರ, "ಚಳಿಗಾಲದಲ್ಲಿ ಅದು ಹೆಂಗಿರುತ್ತೋ ನಮ್ಮ ಪೈಕಿ ಯಾರಿಗೂ ಗೊತ್ತಿಲ್ಲ ಕಣೇ. ಬೀಗ ಇಲ್ಲದ ಮನೆ, ಬಿಟ್ಟು ಬಂದ್ಬಿಡ್ತಿದ್ವಿ," ಎಂದಿದ್ದಳು.

ಆ ಮಾತು ಡೋಲೀನಾಳ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತ್ತು. ಶಾಲೆಯ ಅಡುಗೆಮನೆಯ ಕೆಲಸದಿಂದ ಉಳಿಸಿದ್ದರಲ್ಲಿ ಆ ದೊಡ್ಡ ಕ್ಯಾಮೆರಾ ಕೊಂಡಾಗಿನಿಂದ ಅವಳು ಒಂದೇ ಜಾಗದಲ್ಲಿ, ಹಳ್ಳದ ಈಚೆಯ ಚಪ್ಪಟೆ ಕಲ್ಲಿನ ಮೇಲೆ ನಿಂತು ಅದೇ ಗುಡಿಸಲನ್ನು ಚಿತ್ರದಲ್ಲಿ ಹಿಡಿಯುತ್ತ ಬಂದಿದ್ದಳು. ವಸಂತದಲ್ಲಿ, ಸುಟ್ಟ ಹೆದರ್ ಪೊದೆಗಳ ಕರಿಯ ನಡುವೆ ಹೊಸ ಹುಲ್ಲು ಚಿಗುರುವಾಗ. ಬೇಸಿಗೆಯಲ್ಲಿ, ಕತ್ತಲಾಗಲು ಮನಸ್ಸಿಲ್ಲದ ಸಂಜೆಗಳಲ್ಲಿ, ಹತ್ತಿಹುಲ್ಲಿನ ಬಿಳಿ ತಲೆಗಳೆಲ್ಲ ಒಂದೇ ಕಡೆಗೆ ಬಾಗಿದಾಗ. ಶರತ್ಕಾಲದಲ್ಲಿ, ಇಡೀ ಬಯಲು ನರಿಯ ಮೈಬಣ್ಣಕ್ಕೆ ತಿರುಗಿದಾಗ. ಇಲ್ಲಿ ಬೆಳಕು ಕೇಳಿದರೆ ಸಿಗುವಂಥದ್ದಲ್ಲ, ಕಾದರೆ ಸಿಗುವಂಥದ್ದು. ಮುಕ್ಕಾಲಿಯ ನಡುವೆ ಕಲ್ಲು ತುಂಬಿದ ಚೀಲ ನೇತುಹಾಕಿ, ಗಾಳಿಗೆ ತಾನೇ ಬೆನ್ನು ಕೊಟ್ಟು, ಕೋಟಿನ ಎರಡೂ ಅಂಚುಗಳನ್ನು ಕೋಳಿ ರೆಕ್ಕೆ ಹರಡಿದಂತೆ ಹರಡಿ ಕ್ಯಾಮೆರಾ ಕಾಯುತ್ತ ಅವಳು ನಿಲ್ಲುತ್ತಿದ್ದಳು. ಆಲಿಕಲ್ಲು ಬಂದು ಹೋಗುತ್ತಿತ್ತು, ಮಳೆ ಬಂದು ಹೋಗುತ್ತಿತ್ತು, ಎರಡು ಮೋಡಗಳ ನಡುವೆ ಒಂದು ಬಿರುಕು ತೆರೆಯುತ್ತಿತ್ತು. ಆಗ ಗುಂಡಿ ಒತ್ತಬೇಕು.

ಹಿಮ ಮಾತ್ರ ಸಿಕ್ಕಿರಲಿಲ್ಲ. ತಮ್ಮ ಈ ಲೂಯಿಸ್ ದ್ವೀಪಕ್ಕೆ ಹಿಮ ಬರುವುದು ನೆಂಟರ ಹಾಗೆ, ಕೂರುವುದಿಲ್ಲ. ಕಡಲಗಾಳಿ ಅದನ್ನು ನೆಲಕ್ಕೆ ಹತ್ತಲು ಬಿಡುವುದಿಲ್ಲ. ಹಲವು ಚಳಿಗಾಲಗಳು ಹಾಗೇ ಕಳೆದಿದ್ದವು.

ಆ ಶನಿವಾರವೂ ಸಿಗಲಿಲ್ಲ. ಅವಳು ಹಳ್ಳ ಮುಟ್ಟುವ ಹೊತ್ತಿಗೆ ಹಿಮ ಅಡ್ಡಡ್ಡ ಬೀಸುತ್ತಿತ್ತು. ಗುಡಿಸಲು ಹೋಗಲಿ, ತನ್ನ ಕೈಯೇ ಕಾಣುತ್ತಿರಲಿಲ್ಲ. ಕಲ್ಲಿನ ಮೇಲೆ ನಿಂತು ಕಾದಳು. ಕತ್ತಲು ಬೇಗ ಬಂತು. ಬೇಲಿಯ ತಂತಿ ಹಿಡಿದುಕೊಂಡು ಮನೆ ಸೇರಿದಳು.

ಕೋಟು ಬಿಚ್ಚುವಷ್ಟರಲ್ಲಿ ಫೋನು. ಸ್ಟಾರ್ನೊವೇ ಪೇಟೆಯ ಚಿತ್ರಶಾಲೆಯ ಲಿಂಡ್ಸೇ. ಎಡಿನ್‌ಬರೋದಿಂದ ಬಂದವಳು, ಉತ್ಸಾಹದ ಹುಡುಗಿ. ಡೋಲೀನಾಳ ನಾಲ್ಕು ಋತುಗಳ ಚಿತ್ರಗಳನ್ನು ಬರುವ ವಸಂತಕ್ಕೆ ಚಿತ್ರಶಾಲೆಯ ಗೋಡೆಗೇರಿಸುತ್ತೇನೆಂದು ಪಟ್ಟು ಹಿಡಿದವಳು ಅವಳೇ.

"ಡೋಲೀನಾ, ನಾಳೆ ಬಿಸಿಲಂತೆ! ಗಾಳೀನೂ ಇರಲ್ವಂತೆ! ಇದಕ್ಕೇ ಅಲ್ವಾ ನೀವು ಕಾಯ್ತಿದ್ದಿದ್ದು?"

"ನಾಳೆ ಸಬ್ಬತ್ತು."

"ಗೊತ್ತು. ಆದ್ರೆ ಒಂದೇ ಒಂದು ಚಿತ್ರ... ಊರೆಲ್ಲ ಚರ್ಚಲ್ಲಿರುತ್ತೆ. ಯಾರಿಗೆ ಗೊತ್ತಾಗುತ್ತೆ?"

ಡೋಲೀನಾ ಜೋರಾಗಿ ನಕ್ಕುಬಿಟ್ಟಳು. "ಮಗೂ, ಹಿಮ ಬಿದ್ದಿದ್ದು ಯಾವತ್ತು, ಕೂತಿದ್ದು ಯಾವತ್ತು, ಕರಗಿದ್ದು ಯಾವತ್ತು ಅಂತ ಈ ದ್ವೀಪದಲ್ಲಿ ಹಸುಗೂಸಿಗೂ ನೆನಪಿರುತ್ತೆ. ನೀನು ಅದನ್ನ ಗೋಡೆಗೆ ಹಾಕಿದ ಗಳಿಗೇಲಿ ಅವರು ನೋಡೋದು ಗುಡಿಸಲನ್ನಲ್ಲ, ವಾರಾನ."

ಆದರೆ ಫೋನಿಟ್ಟ ಮೇಲೆ ತನ್ನಷ್ಟಕ್ಕೆ ಯೋಚಿಸಿದಳು. ತಾನು ಹೋಗದಿರುವುದು ಊರಿನ ಕಣ್ಣಿಗೆ ಹೆದರಿಯೇ? ಅಲ್ಲ. ವಾರವೆಲ್ಲ ಒಂದಲ್ಲ ಒಂದಕ್ಕೆ ಕೈ ಚಾಚುತ್ತಲೇ ಇರುವ ತನಗೆ ಒಂದು ದಿನ ಏನನ್ನೂ ಹಿಡಿಯದೆ ಇರುವುದು ಬೇಕಿತ್ತು. ಅದನ್ನು ತಾಯಿ ಕಲಿಸಿದ್ದಳು, ಆದರೆ ಉಳಿಸಿಕೊಂಡವಳು ತಾನೇ.

ಭಾನುವಾರ ಲಿಂಡ್ಸೇ ಹೇಳಿದಂತೆಯೇ ಬೆಳಗಾಯಿತು. ಗಾಳಿಯೇ ಇಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ನಿಂತುಹೋದಂತಾಗಿ ಜನ ಚರ್ಚಿನ ದಾರಿಯಲ್ಲಿ ಪಿಸುದನಿಯಲ್ಲಿ ಮಾತಾಡಿದರು. ಟಾರ್ಕ್ವಿಲ್ ಚರ್ಚಿನ ಆಡಳಿತ ನೋಡುವ ಹಿರಿಯರಲ್ಲಿ ಒಬ್ಬ. ಮುಂದೆ ಹೋಗಿ ಕೂತ. ಕೀರ್ತನೆ ಎತ್ತಿಕೊಡುವವನು ಒಂದು ಸಾಲು ಎಳೆದು ಹಾಡಿದ, ಜನರ ದನಿ ಅಲೆಯಂತೆ ಎದ್ದು ಅದನ್ನು ಹಿಂಬಾಲಿಸಿತು. ಚರ್ಚಿನ ಕಿಟಕಿಗೆ ಬಣ್ಣದ ಗಾಜಿಲ್ಲ, ಚಿತ್ರವಿಲ್ಲ. ಬರಿಯ ಗಾಜಿನಾಚೆ ಇಡೀ ಬಯಲು ಬಿಳಿಯಾಗಿ ಬಿದ್ದುಕೊಂಡಿತ್ತು. ಡೋಲೀನಾ ಹಾಡಿದಳು. ಅವಳ ಕಣ್ಣು ನೆರಳುಗಳ ಉದ್ದ ಅಳೆಯುತ್ತಿತ್ತು.

ಊಟವಾದ ಮೇಲೆ ಟಾರ್ಕ್ವಿಲ್ ಮೊಣಕಾಲು ನೀವಿಕೊಂಡ. "ಕುರಿಗಳಿಗೆ ಹುಲ್ಲು ಹಾಕಬೇಕು. ಹಿಮದಡಿ ಅವಕ್ಕೆ ಏನು ಸಿಗುತ್ತೆ ಪಾಪ."

"ನೀನು ಕೂತ್ಕೋ. ಆ ಕಾಲಲ್ಲಿ ಜಾರಿ ಬಿದ್ರೆ ನಿನ್ನನ್ನೂ ಹೊರಬೇಕು. ನಾನು ಹೋಗ್ತೀನಿ."

ಮೂಕಪ್ರಾಣಿಗಳಿಗೆ ಮೇವು ಹಾಕುವುದು ಕರುಣೆಯ ಕೆಲಸ, ಸಬ್ಬತ್ತಿಗೂ ಅಡ್ಡಿಯಿಲ್ಲ. ಅವಳು ಹುಲ್ಲಿನ ಹೊರೆ ಬೆನ್ನಿಗೇರಿಸಿದಳು. ಬಾಗಿಲ ಬಳಿ ಕ್ಯಾಮೆರಾ ಚೀಲವಿತ್ತು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಅದನ್ನು ದಾಟಿ ಹೊರಗೆ ನಡೆದಳು.

ಕುರಿಗಳು ಹುಲ್ಲಿಗೆ ಮುತ್ತಿಕೊಂಡವು. ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕಾಲು ಹಿಂದಕ್ಕೆ ತಿರುಗಲಿಲ್ಲ.

ಚಪ್ಪಟೆ ಕಲ್ಲಿನ ಮೇಲೆ ಅವಳು ನಿಂತಾಗ ಸೂರ್ಯ ಗುಡ್ಡದ ಹೆಗಲಿಗಿಳಿದಿದ್ದ. ಗುಡಿಸಲಿನ ಗೋಡೆಯ ದುಂಡಿನೊಳಗೆ ಹಿಮ ಪಾತ್ರೆಯಲ್ಲಿ ಹಾಲು ತುಂಬಿದಂತೆ ತುಂಬಿತ್ತು. ಒಂದು ಬದಿ ಹೊಂಬಣ್ಣ, ಇನ್ನೊಂದು ಬದಿ ನೀಲಿ. ಬಾಗಿಲಿದ್ದ ಜಾಗದಿಂದ ಹಳ್ಳದವರೆಗೆ ಹಿಮ ತುಸು ತಗ್ಗಿ ಒಂದು ಗೆರೆ ಮೂಡಿತ್ತು. ಬೇಸಿಗೆಯ ಹುಲ್ಲಿನಲ್ಲಿ ಎಂದೂ ಕಾಣದ ಗೆರೆ. ಎಷ್ಟೋ ತಲೆಮಾರಿನ ಹುಡುಗಿಯರು ನೀರಿಗೆ ಓಡಾಡಿ ಸವೆಸಿದ ಕಾಲುದಾರಿ. ಅವಳ ತಾಯಿಯೂ ಅದರಲ್ಲಿ ಓಡಾಡಿದ್ದಳು. ಹೆಂಗಿರುತ್ತೋ ಗೊತ್ತಿಲ್ಲ ಎಂದಿದ್ದಳು. ಹೀಗಿತ್ತು.

ಅವಳ ಬೆರಳುಗಳು ಜೇಬಿನೊಳಗೆ ಮಡಿಸಿಕೊಂಡವು. ಬೆಳಕು ಆರುವವರೆಗೆ ನಿಂತು ನೋಡಿದಳು. ಕೈಯಲ್ಲಿ ಏನೂ ಇಲ್ಲದೆ ಮನೆಗೆ ಬಂದಳು. ನಷ್ಟವಾಯಿತೆಂದು ಅನಿಸಲಿಲ್ಲ, ಮೈ ಹಗುರಾಗಿತ್ತು.

ಸೋಮವಾರ ಮಳೆ. ಬೆಳಗಾಗುವಷ್ಟರಲ್ಲಿ ಬಯಲು ಮತ್ತೆ ಕಂದುಬಣ್ಣಕ್ಕೆ ತಿರುಗಿತ್ತು. ಟಾರ್ಕ್ವಿಲನ ಅಕ್ಕ ಮರ್ಡೀನಾ ಬಾಗಿಲು ತಟ್ಟದೆ ಒಳಬಂದು, ಒದ್ದೆ ತಲೆವಸ್ತ್ರವನ್ನು ಒಲೆಯ ಪಕ್ಕ ಹರವಿ ಕುರ್ಚಿ ಎಳೆದುಕೊಂಡಳು.

"ಚಹಾ ಹಾಕು ತಾಯಿ. ಕುರಿಗಳು ಚೆನ್ನಾಗಿವೆಯಾ?"

"ಚೆನ್ನಾಗಿವೆ."

"ನಿಮ್ಮ ಕುರಿ ಬಲು ದೂರದಲ್ಲಿರುತ್ವಪ್ಪ. ಹಳ್ಳದ ಹತ್ತಿರ, ಗುಡಿಸಲ ಹತ್ತಿರ..."

ಡೋಲೀನಾ ಕೆಟಲಿನಿಂದ ತಲೆಯೆತ್ತಲಿಲ್ಲ. "ನೀನೆಲ್ಲಿಂದ ನೋಡಿದೆ?"

"ನಮ್ಮ ಕಿಟಕೀಲಿ. ನಮ್ಮ ಯಜಮಾನ್ರು ದೋಣಿಗೆ ಒಯ್ಯೋ ದುರ್ಬೀನಿದೆಯಲ್ಲ. ನಾನೇನು ಬೇಕೂಂತ ನೋಡಿದ್ನಾ? ಕಣ್ಣಿಗೆ ಬಿತ್ತು."

"ಸಬ್ಬತ್ ದಿನ ದುರ್ಬೀನು ತಾನಾಗೇ ಕಣ್ಣಿಗೆ ಬಂದು ಬೀಳುತ್ತೇನೋ."

"ಮಾತು ತಿರುಗಿಸ್ಬೇಡ. ನಿನ್ನ ಹೆಜ್ಜೆ ಬಿಳೀ ಬಟ್ಟೆ ಮೇಲೆ ಕರೀ ದಾರದ ಹೊಲಿಗೆ ಹಾಕಿದ ಹಾಗಿತ್ತು. ನಾನೊಬ್ಬಳೇ ಅಲ್ಲ, ಊರೇ ನೋಡಿದೆ. ಚಿತ್ರ ಚೆನ್ನಾಗಿ ಬಂತಾ?"

"ಕ್ಯಾಮೆರಾ ಒಯ್ದಿರಲಿಲ್ಲ ಮರ್ಡೀನಾ."

ಮರ್ಡೀನಾ ಅವಳ ಮುಖವನ್ನೇ ನೋಡಿದಳು. ಆಮೇಲೆ, ಸುಳ್ಳು ಹೇಳುವ ಮಕ್ಕಳನ್ನು ನೋಡಿ ನಗುವ ಹಾಗೆ ನಕ್ಕಳು. "ಆಯ್ತು ಬಿಡು. ಅಷ್ಟು ವರ್ಷ ಕಾದವಳು, ಅಷ್ಟು ದೂರ ಹೋದವಳು, ಬರಿಗೈಲಿ ಹೋಗಿದ್ದೆ. ಆಯ್ತು."

"ಮುಕ್ಕಾಲಿ ಊರಿದ್ರೆ ಹಿಮದಲ್ಲಿ ಮೂರು ತೂತು ಇರ್ತಿತ್ತು. ಹೋಗಿ ನೋಡಬೇಕಿತ್ತು."

"ಸಬ್ಬತ್ ದಿನ ಅಲ್ಲೀವರೆಗೂ ನಡೆಯೋಕೆ ನಾನೇನು ನೀನಾ?" ಎಂದು ಮರ್ಡೀನಾ ಚಹಾ ಹೀರಿದಳು. ಹೊರಗೆ ಮಳೆ ಸುರಿಯುತ್ತಿತ್ತು. ಸಾಕ್ಷಿ ಹೇಳಬಲ್ಲ ಹಿಮವೆಲ್ಲ ಕರಗಿ ಹಳ್ಳ ಸೇರಿತ್ತು.

ಅವಳು ಹೋದ ಮೇಲೆ ಲಿಂಡ್ಸೇಯ ಫೋನು. "ಸಿಕ್ತಾ?"

"ಇಲ್ಲ."

"ಅಯ್ಯೋ... ಹೋಗ್ಲಿ ಬಿಡಿ, ಒಳನಾಡಿನ ಗುಡ್ಡಗಳಲ್ಲಿ ನೀವು ಹಿಂದೆ ತೆಗೆದ ಹಿಮದ ಚಿತ್ರ ಇದೆಯಲ್ಲ, ಅದನ್ನೇ ಹಾಕೋಣ. ಹಿಮ ಹಿಮಾನೇ."

"ಬೇಡ."

"ಹಾಗಾದ್ರೆ ಮೂರೇ..."

"ಮೂರೂ ಬೇಡ. ನಾಲ್ಕೂ ಆದ ದಿನ ಹಾಕು. ಅಲ್ಲೀವರೆಗೆ ನಿನ್ನ ಗೋಡೆ ಬೇರೆಯವರಿಗೆ ಕೊಡು."

"ಮತ್ತೆ ಎಷ್ಟು ವರ್ಷ ಆಗುತ್ತೋ, ಡೋಲೀನಾ!"

"ಆಗಲಿ."

ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

ಸಂಜೆ ಟಾರ್ಕ್ವಿಲ್ ಹಿರಿಯರ ಸಭೆ ಮುಗಿಸಿ ಬಂದ. ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತ. ಊಟಕ್ಕೆ ಕೂತ ಮೇಲೂ ಉಪ್ಪು ಹಾಕಿಕೊಳ್ಳಲಿಲ್ಲ. ಮಾತು ಹುಡುಕುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ನೋಡು ಡೋಲೀನಾ," ಎಂದ ಕೊನೆಗೆ, ತಟ್ಟೆಯನ್ನೇ ನೋಡುತ್ತ, "ನಾನು ಕೇಳಲ್ಲ. ನೀನೂ ಹೇಳ್ಬೇಡ. ನಿನ್ನ ಆಸೆ ನಂಗೆ ಗೊತ್ತಿಲ್ವಾ? ಮನುಷ್ಯ ಅಂದ್ಮೇಲೆ ಒಂದು ಗಳಿಗೆ ಸೋಲ್ತಾನೆ. ಆ ಚಿತ್ರ ಮಾತ್ರ ಎಲ್ಲೂ ತೋರಿಸ್ಬೇಡ. ಉಳಿದಿದ್ದು ನಾನು ನೋಡ್ಕೋತೀನಿ. ತಪ್ಪಾಯ್ತು, ತೋರಿಸಲ್ಲ ಅಂತ ಹಿರಿಯರಿಗೂ ಹೇಳಿದ್ದೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳನ್ನು ಕಾಯಲು ಅವನು ಆ ಮುದುಕರ ನಡುವೆ ಕೂತು ತಲೆತಗ್ಗಿಸಿ ಬಂದಿದ್ದ. ಪ್ರೀತಿಯೇ ಅದು, ಅವಳು ಅದನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ಮಾಡದ ತಪ್ಪಿಗೆ ಸಿಕ್ಕ ಕ್ಷಮೆ ಎದೆಯ ಮೇಲೆ ಒದ್ದೆ ಕಂಬಳಿ ಹೊದಿಸಿದಂತಿತ್ತು. "ಡೋಲೀನಾ, ಕ್ಯಾಮೆರಾ ಒಯ್ದಿದ್ಯಾ?" ಎಂಬ ಒಂದು ಪ್ರಶ್ನೆ ಸಾಕಿತ್ತು. ಇಷ್ಟು ಕಾಲ ಒಂದೇ ಒಲೆಯೆದುರು ಕೂತವನು ಅವಳನ್ನು ಕೇಳುವ ಬದಲು ಅಕ್ಕನ ದುರ್ಬೀನನ್ನು ನಂಬಿದ್ದ.

ಹೇಳಲು ಬಾಯಿ ತೆರೆದಳು. ಹೇಳಿದರೆ ಅವನು ನಂಬುತ್ತಾನೆ, ಅಥವಾ ನಂಬಿದಂತೆ ತಲೆಯಾಡಿಸುತ್ತಾನೆ. ಯಾವುದೆಂದು ತನಗೆಂದೂ ತಿಳಿಯುವುದಿಲ್ಲ. ನಾಳೆ ಊರಿಗೆ ಹೇಳಬೇಕು, ನಾಡಿದ್ದು ಪಾದ್ರಿಗೆ. ತಾನು ದೇವರೊಂದಿಗೆ ಇಟ್ಟುಕೊಂಡಿದ್ದ ಒಂದು ದಿನವನ್ನು ಮನೆಮನೆಗೆ ಒಯ್ದು ಬಿಚ್ಚಿ ತೋರಿಸಬೇಕು. ಆ ನೀಲಿಯನ್ನು, ಆ ಕಾಲುದಾರಿಯನ್ನು ತನ್ನ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿ ಕರೆಯಬೇಕು.

ಬಾಯಿ ಮುಚ್ಚಿದಳು.

ಸಬ್ಬತ್ತು ತನ್ನದೇ ಆಗಿತ್ತು. ತಾನೇ ಇಟ್ಟುಕೊಂಡದ್ದು, ತಾನೇ ನಡೆಸಿಕೊಂಡು ಬಂದದ್ದು. ಇವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಬಿರುಕಿದೆ ಎಂದು ಹಿಂದಕ್ಕೆ ಕೊಟ್ಟಿದ್ದರು. ಇನ್ನು ಮೇಲೆ ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ತನಗೆ ಮತ್ತು ಮೇಲಿನವನಿಗೆ ಬಿಟ್ಟದ್ದು, ಊರಿಗಲ್ಲ. ಮುಂದಿನ ಸಲ ಹಿಮ ಕೂತಾಗ ಅದು ಮಂಗಳವಾರವೇ ಆಗಿರಲಿ, ಭಾನುವಾರವೇ ಆಗಿರಲಿ, ಕ್ಯಾಮೆರಾ ಹೆಗಲ ಮೇಲಿರುತ್ತದೆ. ಊರ ನಡುವಿನ ದಾರಿಯಲ್ಲೇ ಹೋಗುತ್ತಾಳೆ, ಚರ್ಚಿಗೆ ಹೊರಟವರಿಗೆ ಎದುರಾಗಿಯೇ. ಚಿತ್ರ ಗೋಡೆಗೇರುತ್ತದೆ. ನೋಡಿದವರು ವಾರ ಎಣಿಸಿಕೊಳ್ಳಲಿ. ಹೀಗೆಂದು ಅವಳು ನಿರ್ಧರಿಸಿಬಿಟ್ಟಳು.

ಟಾರ್ಕ್ವಿಲ್ ಇನ್ನೂ ತಲೆತಗ್ಗಿಸಿಯೇ ಕೂತಿದ್ದ. "ಬೇಜಾರಾಯ್ತಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು ಡೋಲೀನಾ, ಉಪ್ಪಿನ ಬಟ್ಟಲನ್ನು ಅವನತ್ತ ಸರಿಸಿ. "ಉಪ್ಪು ಹಾಕ್ಕೊಂಡು ತಿನ್ನು. ತಣ್ಣಗಾಗುತ್ತೆ."