ನಕ್ಷೆಯಲ್ಲಿಲ್ಲದ ಗಾಲಿಕುರ್ಚಿ

ವಿಶ್ವವಿದ್ಯಾಲಯದ ಹಿಂದಿನ ಗೇಟಿಗೂ ಓಣಿಗೂ ನಡುವೆ ಒಂದು ಬಯಲು. ಮಳೆಗಾಲದಲ್ಲಿ ಕೆಸರು, ಉಳಿದ ದಿನ ಧೂಳು. ಅಲ್ಲಿ ಹೊಸ ಬಡಾವಣೆ ಬರುತ್ತದೆಂಬ ಸುದ್ದಿಗೆ ಓಣಿಯ ಟೈಲರಮ್ಮ ಕಿವಿಗೊಡಲಿಲ್ಲ. ಅವಳ ತಲೆ ತುಂಬ ಗಂಡನ ಚಿಂತೆ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನಿಗೆ ಪಾರ್ಶ್ವವಾಯು ಬಡಿದು ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ದಿನಾ ಗಾಲಿಕುರ್ಚಿಯಲ್ಲಿ ಕೂರಿಸಿ, ಆ ಬಯಲಿನ ಕಾಲುದಾರಿಯಲ್ಲೇ ಕ್ಯಾಂಪಸ್ಸಿನ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ಅಲ್ಲಿ ವ್ಯಾಯಾಮ ಮಾಡಿಸಿ ಮಾಡಿಸಿ ಮಡಚಿದ್ದ ಬೆರಳುಗಳು ಬಿಡಿಸಿಕೊಳ್ಳತೊಡಗಿದ್ದವು.

ಪಕ್ಕದ ಮನೆಯ ಲೈಬ್ರರಿ ಅಕ್ಕನಿಗೆ ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ಕೆಲಸ. ಒಂದು ಸಂಜೆ ಬಂದು, ಬಡಾವಣೆಯ ನಕ್ಷೆಯನ್ನು ವಾರ್ಡ್ ಕಚೇರಿಯಲ್ಲಿ ತೂಗುಹಾಕಿದ್ದಾರೆ ಎಂದಳು. ಮಳೆನೀರು ಇಂಗಿಸುವ ಕೊಳ, ಸೂರ್ಯನ ಬೆಳಕಿನ ಕರೆಂಟು, ವಾಹನವಿಲ್ಲದೆ ನಡೆದೇ ಓಡಾಡುವ ಬೀದಿ, ಎಲ್ಲ ಚೆನ್ನಾಗಿದೆ. ಆದರೆ ಹಿಂದಿನ ಗೇಟಿಗೆ ಹತ್ತುವ ಏರುದಾರಿಗೆ ಮೆಟ್ಟಿಲು ಬರೆದಿದ್ದಾರೆ. ಭಾನುವಾರ ಸಭೆಗೆ ಬಂದು ಹೇಳು ಎಂದಳು.

"ನಾವು ಹೇಳಿದ್ರೆ ಕೇಳ್ತಾರಾ? ಎಲ್ಲಾ ಮೊದಲೇ ತೀರ್ಮಾನ ಮಾಡಿರ್ತಾರೆ. ನಂಗೆ ಹೊಲಿಯೋದು ರಾಶಿ ಬಿದ್ದಿದೆ," ಎಂದಳು ಟೈಲರಮ್ಮ.

"ನಿನ್ನ ಗಂಡ ಇಲ್ಲಿದಾನೆ ಅಂತ ಅವರಿಗೆ ಕನಸು ಬೀಳುತ್ತಾ?"

ಟೈಲರಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದು ಮತ್ತೆ ಯಂತ್ರ ತುಳಿಯತೊಡಗಿದಳು. ಸಭೆಗೆ ಅಕ್ಕ ಒಬ್ಬಳೇ ಹೋದಳು. ತೊಂದರೆ ಇರುವವರೇ ಬಂದು ಹೇಳಲಿ ಎಂದರಂತೆ ಕಚೇರಿಯವರು. ಓಣಿಯಿಂದ ಮತ್ಯಾರೂ ಹೋಗಿರಲಿಲ್ಲ.

ಬಡಾವಣೆ ಎದ್ದಿತು. ಮೆಟ್ಟಿಲೂ ಬಂತು: ನುಣ್ಣನೆ ಕಲ್ಲು, ಎರಡೂ ಬದಿ ಸಸಿ. ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಟೈಲರಮ್ಮ ಕೆಳಗೆ ಕುರ್ಚಿ ಹಿಡಿದು ನಿಲ್ಲುತ್ತಿದ್ದಳು. ಕೆಲವು ದಿನ ವಿದ್ಯಾರ್ಥಿಗಳು ಎತ್ತಿಕೊಟ್ಟರು. ಒಂದು ದಿನ ಗಂಡ, "ಮೂಟೆ ಥರ ಎತ್ತಿಸ್ಬೇಡ ನನ್ನ," ಎಂದು ಮುಖ ತಿರುಗಿಸಿದ. ಸುತ್ತುದಾರಿಯಲ್ಲಿ ಹೋಗೋಣವೆಂದರೆ ಲಾರಿಗಳ ಕಾಟ. ಆಸ್ಪತ್ರೆಗೆ ಹೋಗುವುದು ಅಪರೂಪವಾಗಿ, ಕೊನೆಗೆ ನಿಂತೇಹೋಯಿತು. ಬೆರಳುಗಳು ಮತ್ತೆ ಮುಷ್ಟಿಯಾದವು.

ಜಗಳವಾಡಲೆಂದೇ ಟೈಲರಮ್ಮ ವಾರ್ಡ್ ಕಚೇರಿಗೆ ಹೋದಳು. ಅಲ್ಲಿನ ಇಂಜಿನಿಯರಮ್ಮ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು, "ಅವತ್ತು ಸಭೆಗೆ ಯಾಕೆ ಬರ್ಲಿಲ್ಲಮ್ಮ?" ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಟೈಲರಮ್ಮ ಎದ್ದು ಬಂದಳು. ಆಸ್ಪತ್ರೆಯ ದಾರಿಯಲ್ಲಿ ಮೆಟ್ಟಿಲು ಕಟ್ಟುವಾಗ ಅವರಿಗಾದರೂ ಹೊಳೆಯಬಾರದಿತ್ತೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡಳು.

ಬಡಾವಣೆಯ ಎರಡನೇ ಭಾಗಕ್ಕೆ ಮತ್ತೆ ಸಭೆ ಕರೆದರು. ಆದದ್ದು ಆಗಿಹೋಯಿತು, ಇನ್ನೇನು ಬಾಯಿ ಬಡಿದುಕೊಳ್ಳುತ್ತೀಯ ಎಂದಳು ಅತ್ತೆ. ಆಗ ಗಂಡನೇ, "ನನ್ನೂ ಕರ್ಕೊಂಡು ಹೋಗು. ಕಣ್ಣಾರೆ ನೋಡ್ಲಿ," ಎಂದ. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡಳು. ಅವರ ಹಿಂದೆ ಓಣಿಯೇ ಹೊರಟಿತು.

ಟೈಲರಮ್ಮ ಕುರ್ಚಿಯನ್ನು ನಕ್ಷೆಯ ಮುಂದೆ ನಿಲ್ಲಿಸಿ ಕೇಳಿದಳು: "ಇವರು ಎಲ್ಲಿಂದ ಹತ್ಬೇಕು, ಬೆರಳಿಟ್ಟು ತೋರಿಸಿ."

ಯಾರ ಬೆರಳೂ ಏಳಲಿಲ್ಲ. ಹೊಸ ಭಾಗದ ಮೆಟ್ಟಿಲುಗಳನ್ನು ಅಲ್ಲೇ ಅಳಿಸಿ ಇಳಿಜಾರು ಬರೆದರು. ಗೇಟಿನ ಬಳಿಯ ಮೆಟ್ಟಿಲುಗಲ್ಲು ಒಡೆದು ದಾರಿ ಮಾಡಲು ಮಾತ್ರ ಮತ್ತೊಂದು ಮಳೆಗಾಲ ಕಳೆಯಿತು. ಈಗ ಆ ಇಳಿಜಾರಿನಲ್ಲಿ ಕೋಲೂರುವ ಅಜ್ಜಿಯರೂ, ಮಗುವಿನ ಗಾಡಿ ತಳ್ಳುವ ತಾಯಂದಿರೂ ಓಡಾಡುತ್ತಾರೆ. ಟೈಲರಮ್ಮನ ಗಂಡನೂ ಹೋಗುತ್ತಾನೆ. ಆದರೆ ತುಂಬ ತಡವಾಯಿತು, ಈ ಕೈ ಇನ್ನು ಇಷ್ಟೇ ಎಂದಿದ್ದಾರೆ ಡಾಕ್ಟರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಪಕ್ಕ ಏನಾದರೂ ಕಟ್ಟುವರೆಂದರೆ ನಕ್ಷೆ ನೋಡಲು ಹೋಗಿ. ಮಳೆನೀರು ಯಾರ ಮನೆಯತ್ತ ಹರಿಯುತ್ತದೆ, ನಡೆಯಲಾರದವರು ಹೇಗೆ ದಾಟುತ್ತಾರೆ, ಕೇಳಿ. ತಿಳಿಯದಿದ್ದರೆ ಮತ್ತೆ ಕೇಳಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರ ಪರವಾಗಿ ನೀವು ಮಾತಾಡಿ. ಸಸಿ ನೆಟ್ಟ ಮಾತ್ರಕ್ಕೆ ಊರು ಬಾಳುವುದಿಲ್ಲ, ಅಲ್ಲಿ ಎಲ್ಲರೂ ಓಡಾಡುವಂತಿರಬೇಕು. ಕೂರಿಸಿದ ಕಲ್ಲನ್ನು ಒಡೆಯಬಹುದು. ಹೋದ ಕೈ ಬರುವುದಿಲ್ಲ.